ಲಂಡನ್ನಿನ ನೀರು ಕುಡಿದ ಮರಗಳು

ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಹಿಂದೆಯೇ ಬಿಲ್ಲೂ ಬರುತ್ತದೆ. ನಾಲ್ಕು ಶತಮಾನದ ಹಿಂದಿನ ಲಂಡನ್ನಿಗೆ ಈ ಎರಡೂ ಹೊಸತು. 1613ರಲ್ಲಿ ಹ್ಯೂ ಮಿಡಲ್ಟನ್ ಎಂಬ ಚಿನಿವಾರ ಹರ್ಟ್‌ಫರ್ಡ್‌ಷೈರ್‌ನ ಊಟೆಗಳಿಂದ ಸುಮಾರು 38 ಮೈಲಿ ಕಾಲುವೆ ತೋಡಿಸಿ ನಗರದ ಅಂಚಿಗೆ ನೀರು ತಂದ. ಅದಕ್ಕೆ ‘ನ್ಯೂ ರಿವರ್’ ಎಂದು ಹೆಸರಿಟ್ಟರು. ಈಗ ಅದು ಹೊಸದಲ್ಲ, ನದಿಯಂತೂ ಎಂದೂ ಆಗಿರಲಿಲ್ಲ. ಅಲ್ಲಿಂದ ಬೀದಿಬೀದಿಗೆ ನೀರು ಹರಿದದ್ದು ಎಲ್ಮ್ ಮರದ ಕೊಳವೆಗಳಲ್ಲಿ. ದಿಮ್ಮಿಯ ನಡುವೆ ತೂತು ಕೊರೆದು, ಒಂದರ ಚೂಪು ಮೂತಿಯನ್ನು ಇನ್ನೊಂದರ ಬಾಯಿಗೆ ಸಿಕ್ಕಿಸಿ, ನೆಲದಡಿ ಹೂಳುತ್ತಿದ್ದರು. ಎಲ್ಮ್ ನೀರಿನಲ್ಲೇ ಇದ್ದರೆ ಬೇಗ ಕೊಳೆಯುವುದಿಲ್ಲ. ಎರಕದ ಕಬ್ಬಿಣ ಬರುವ ತನಕ, ಹತ್ತಿರ ಹತ್ತಿರ ಎರಡು ಶತಮಾನ, ಲಂಡನ್ ಮರದ ಹೊಟ್ಟೆಯೊಳಗಿಂದಲೇ ನೀರು ಕುಡಿಯಿತು.

ಕಾಲುವೆ ತೋಡುವಾಗ ಮಿಡಲ್ಟನ್ನನ ಕೈ ಬರಿದಾಯಿತು. ರಾಜ ಒಂದನೇ ಜೇಮ್ಸ್ ಅರ್ಧ ಖರ್ಚು ಕೊಟ್ಟು ಅರ್ಧ ಲಾಭವನ್ನು ತನ್ನ ಹೆಸರಿಗೆ ಬರೆಸಿಕೊಂಡ. ಮಗ ಒಂದನೇ ಚಾರ್ಲ್ಸ್‌ಗೆ ಅಷ್ಟು ತಾಳ್ಮೆ ಇರಲಿಲ್ಲ. ವರ್ಷಕ್ಕೆ 500 ಪೌಂಡ್ ಕೊಟ್ಟರೆ ಸಾಕು ಎಂದು ಆ ಪಾಲನ್ನೇ ಬಿಟ್ಟುಕೊಟ್ಟ. ಹಾಲು ಕರೆಯುವ ಹಸುವನ್ನು ಸಗಣಿಯ ಬೆಲೆಗೆ ಮಾರಿದ ಹಾಗೆ. ಊರು ಬೆಳೆಯಿತು, ಬಾಯಾರಿಕೆ ಬೆಳೆಯಿತು, ನ್ಯೂ ರಿವರ್ ಕಂಪನಿಯ ಪಾಲು ಹಿಡಿದು ಕೂತವರ ಮನೆಯಲ್ಲಿ ದುಡ್ಡೂ ಬೆಳೆಯಿತು. ಹಾಗೆ ಕೂತವರಲ್ಲಿ ಹೋಲ್ಫರ್ಡ್ ಮನೆತನದವರೂ ಇದ್ದರು. ವಕೀಲಿಕೆಯಿಂದ ಮೇಲೆ ಬಂದು, ಕಂಪನಿಯ ಗವರ್ನರ್ ಪಟ್ಟದ ತನಕ ಏರಿದ ಮನೆತನವದು.

ಆ ಮನೆಯ ಹುಡುಗ ರಾಬರ್ಟ್ ಸ್ಟೇನರ್ ಹೋಲ್ಫರ್ಡ್ 1829ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಅಪ್ಪನ ಜಮೀನಿನಲ್ಲಿ ಮರ ನೆಡತೊಡಗಿದ. ಜಾಗ ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನ ವೆಸ್ಟನ್‌ಬರ್ಟ್, ಟೆಟ್‌ಬರಿ ಎಂಬ ಪುಟ್ಟ ಪೇಟೆಗೆ ಮೂರು ಮೈಲಿ. ಇಂದು ಅಲ್ಲಿ ಸುಮಾರು 600 ಎಕರೆಯಲ್ಲಿ 15,000 ಮರಗಳಿವೆ. ಬಗೆಗಳ ಲೆಕ್ಕ ಹಿಡಿದರೆ 2,500. ಚೀನಾ, ಜಪಾನ್, ಚಿಲಿ, ಕ್ಯಾಲಿಫೋರ್ನಿಯಾ, ಹಿಮಾಲಯ ಎಲ್ಲ ದಿಕ್ಕಿನವೂ ಇವೆ. ಲಂಡನ್ನಿನ ಯಾವುದೋ ಗಲ್ಲಿಯ ಗೃಹಿಣಿ ಒಂದು ಕೊಡ ನೀರಿಗೆ ಕೊಟ್ಟ ಕಾಸು ಸುತ್ತಿ ಬಳಸಿ ಇಲ್ಲಿ ದೇವದಾರುವಿನ ಬೇರಿಗೆ ಇಳಿದಿದೆ.

ಇಂಥ ಜಾಗಕ್ಕೆ ಇಂಗ್ಲಿಷಿನವರು ಅರ್ಬೋರೇಟಂ ಎನ್ನುತ್ತಾರೆ. ಕನ್ನಡದಲ್ಲಿ ‘ವೃಕ್ಷೋದ್ಯಾನ’ ಎಂದು ಬರೆಯುತ್ತೇವೆ, ಆದರೆ ಯಾರ ಬಾಯಲ್ಲೂ ಆ ಪದ ಹೊರಳುವುದಿಲ್ಲ. ಇದು ತೋಟವಲ್ಲ, ಫಸಲು ಯಾರಿಗೂ ಬೇಕಿಲ್ಲ. ತೋಪೂ ಅಲ್ಲ, ತೋಪಿನಲ್ಲಿ ಒಂದೇ ಜಾತಿಯ ಮರಗಳು ಸಾಲಾಗಿರುತ್ತವೆ. ಕಾಡಂತೂ ಅಲ್ಲ, ಇಲ್ಲಿನ ಪ್ರತಿ ಮರಕ್ಕೂ ಚೀಟಿ ಇದೆ, ಹೆಸರಿದೆ, ಬಂದ ಊರಿದೆ. ಬೇರು ಬಿಟ್ಟ ವಸ್ತುಸಂಗ್ರಹಾಲಯ ಎಂದರೆ ಸ್ವಲ್ಪ ಹತ್ತಿರ ಬಂದೀತು. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಬ್ರಿಟನ್ನಿನ ಹಣವಂತರಿಗೆ ಇದು ಹಿಡಿದ ಹುಚ್ಚು. ಜಾನ್ ಕ್ಲಾಡಿಯಸ್ ಲೌಡನ್ ಎಂಬಾತ 1838ರಲ್ಲಿ ಬ್ರಿಟನ್ನಿನಲ್ಲಿ ಬೆಳೆಯಬಲ್ಲ ಮರಗಿಡಗಳ ಬಗ್ಗೆ ಎಂಟು ಸಂಪುಟಗಳ ಗ್ರಂಥ ಹೊರತಂದು, ಅದರ ಸಾಲ ತೀರಿಸಲಾಗದೆಯೇ ಸತ್ತ. ಓದಿದವರು ಮಾತ್ರ ನೆಡಲು ಹೊರಟರು.

ನೆಡಬೇಕಾದರೆ ಗಿಡ ಬೇಕಲ್ಲ? 1829ನೇ ಇಸವಿ ಈ ಮಟ್ಟಿಗೆ ಒಳ್ಳೆಯ ಮುಹೂರ್ತ. ಅದೇ ವರ್ಷ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್, ಪತಂಗದ ಕೋಶ ಒಡೆಯುವುದನ್ನು ನೋಡಲೆಂದು ಮುಚ್ಚಿಟ್ಟ ಬಾಟಲಿಯೊಳಗೆ ಜರೀಗಿಡವೊಂದು ತಾನಾಗಿ ಮೊಳೆತದ್ದನ್ನು ಕಂಡ. ಮುಚ್ಚಿದ ಗಾಜಿನೊಳಗೆ ತೇವ ಆವಿಯಾಗಿ, ಹನಿಯಾಗಿ, ಮತ್ತೆ ಮಣ್ಣಿಗೆ ಇಳಿಯುತ್ತಿತ್ತು. ಯಾರೂ ನೀರು ಹಾಕಬೇಕಿರಲಿಲ್ಲ. ಈ ಗಾಜಿನ ಪೆಟ್ಟಿಗೆ ಹಡಗಿನ ಅಟ್ಟವೇರಿದ ಮೇಲೆ, ಅದುವರೆಗೆ ಉಪ್ಪುಗಾಳಿಗೆ ಸಾಯುತ್ತಿದ್ದ ಸಸಿಗಳು ತಿಂಗಳುಗಟ್ಟಲೆಯ ಪ್ರಯಾಣವನ್ನು ಬದುಕಿ ಮುಗಿಸತೊಡಗಿದವು. ಚೀನಾದ ಚಹಾ ಗಿಡ ಭಾರತಕ್ಕೆ ಬಂದದ್ದೂ ಇದೇ ಪೆಟ್ಟಿಗೆಯೊಳಗೆ. ವಾರ್ಡ್‌ನ ಬಾಟಲಿಗೆ ಎರಡು ವರ್ಷ ಮೊದಲು, 1827ರಲ್ಲಿ, ಡೇವಿಡ್ ಡಗ್ಲಾಸ್ ಅಮೆರಿಕದ ಪಶ್ಚಿಮ ಕರಾವಳಿಯಿಂದ ಈಗ ಅವನ ಹೆಸರಿನಲ್ಲೇ ಇರುವ ಡಗ್ಲಾಸ್ ಫರ್‌ನ ಬೀಜ ತಂದಿದ್ದ. ಆ ಮನುಷ್ಯ 1834ರಲ್ಲಿ ಹವಾಯಿಯಲ್ಲಿ ಕಾಡುದನ ಹಿಡಿಯಲು ತೋಡಿದ್ದ ಖೆಡ್ಡದೊಳಗೆ ಬಿದ್ದು, ಅದಾಗಲೇ ಬಿದ್ದಿದ್ದ ಗೂಳಿಯ ಕಾಲಡಿ ಸತ್ತ. ಆಗಷ್ಟೇ ಮೂವತ್ತೈದು ತುಂಬಿತ್ತು. ಗೋಡೆಯ ಮೇಲಿನ ಚಿತ್ರದ ಹಿಂದೆ ಚಿತ್ರಕಾರನ ಬಡತನ ಇರುವ ಹಾಗೆ ಸಿರಿವಂತರ ಮರಗಳ ಹಿಂದೆ ಇಂಥ ಸಾವುಗಳಿವೆ.

ಚಿತ್ರದ ಹೋಲಿಕೆ ಸುಮ್ಮನೆ ಬಂದದ್ದಲ್ಲ. 1838ರಲ್ಲಿ ಚಿಕ್ಕಪ್ಪನ ಆಸ್ತಿ ಕೈಗೆ ಬಂದ ಮೇಲೆ ರಾಬರ್ಟ್ ಹೋಲ್ಫರ್ಡ್ ಇಂಗ್ಲೆಂಡಿನ ದೊಡ್ಡ ಕಲಾಸಂಗ್ರಾಹಕರಲ್ಲಿ ಒಬ್ಬನಾದ. ರೆಂಬ್ರಾಂಟ್, ವೆಲಾಸ್ಕೆಸ್, ವ್ಯಾನ್ ಡೈಕ್, ಅಪರೂಪದ ಹಸ್ತಪ್ರತಿಗಳು. ಅವನ್ನು ತೂಗುಹಾಕಲೆಂದೇ ಎಂಬಂತೆ ಲಂಡನ್ನಿನ ಪಾರ್ಕ್ ಲೇನ್‌ನಲ್ಲಿ ಡಾರ್ಚೆಸ್ಟರ್ ಹೌಸ್ ಎಂಬ ಅರಮನೆ ಕಟ್ಟಿಸಿದ. ಮರಗಳನ್ನೂ ಅವನು ಅದೇ ಕಣ್ಣಿನಿಂದ ಕೂಡಿಹಾಕಿದ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಓಕ್‌ಗಳೆಲ್ಲ ಒಂದೆಡೆ, ಪೈನ್‌ಗಳೆಲ್ಲ ಒಂದೆಡೆ. ಸಸ್ಯಶಾಸ್ತ್ರದ ಪುಟ ತಿರುವಿದಂತೆ ನಡೆಯಬಹುದು. ವೆಸ್ಟನ್‌ಬರ್ಟ್‌ನಲ್ಲಿ ಆ ಶಿಸ್ತು ಇಲ್ಲ. ಒಂದು ಮೇಪಲ್, ಪಕ್ಕದಲ್ಲಿ ಒಂದು ಸೀಡರ್, ಹಿಂದೆ ಯಾವುದೋ ಚೀನೀ ಪೊದೆ. ಕುಲಗೋತ್ರ ಕೇಳದೆ, ಕಣ್ಣಿಗೆ ಒಪ್ಪಿದ ಜೋಡಿಯನ್ನು ಪಕ್ಕಪಕ್ಕ ನಿಲ್ಲಿಸಿದ್ದಾನೆ. ಮೊದಲು ನೆಟ್ಟದ್ದು ಕಪ್ಪು ಹಸುರಿನ ಯೂ, ಹಾಲಿ, ಲಾರೆಲ್‌ಗಳ ದಟ್ಟ ತೆರೆ. ಗಾಳಿಗೆ ತಡೆಯೂ ಹೌದು, ಮುಂದೆ ನಿಲ್ಲುವ ಬಣ್ಣಗಳಿಗೆ ಹಿನ್ನೆಲೆಯೂ ಹೌದು. ಯಕ್ಷಗಾನದ ರಂಗಸ್ಥಳದ ಹಿಂದೆ ಕರಿಪರದೆ ಕಟ್ಟಿದರೆ ವೇಷ ಎದ್ದು ಕಾಣುತ್ತದಲ್ಲ, ಅದೇ ಲೆಕ್ಕ. ಹಸುರು ಹಾಸಿನ ಅಗಲ ದಾರಿಗಳು ಮರಗಳ ನಡುವೆ ನೇರ ಸಾಗಿ ಮನೆಯ ಕಡೆಗೆ ಮುಖ ಮಾಡುತ್ತವೆ. ಅವಕ್ಕೆ ‘ರೈಡ್’ ಎಂದು ಹೆಸರು, ಕುದುರೆಯ ಮೇಲೆ ಕೂತು ನೋಡಲೆಂದು ಮಾಡಿದ್ದು. ಚೌಕಟ್ಟು ಹಾಕಿದ ಚಿತ್ರ ಇಲ್ಲಿ ಗೋಡೆಯಿಂದ ಇಳಿದು ನೆಲದಲ್ಲಿ ಮಲಗಿದೆ.

ಚಿತ್ರಕ್ಕೆ ಅಡ್ಡ ಬಂದದ್ದನ್ನು ಅಳಿಸಬೇಕಾಗುತ್ತದೆ. ಹೋಲ್ಫರ್ಡ್ 1860ರ ದಶಕದಲ್ಲಿ ಹಳೆಯ ಮನೆ ಕೆಡವಿ ಹೊಸ ಭವನ ಎಬ್ಬಿಸುವ ಹೊತ್ತಿಗೆ, ಎದುರಿನ ನೋಟ ಕೆಡಿಸುತ್ತಿದ್ದ ವೆಸ್ಟನ್‌ಬರ್ಟ್ ಹಳ್ಳಿಯನ್ನೇ ಬೇರೆ ಕಡೆಗೆ ಸರಿಸಿಯಾಗಿತ್ತು. ಇಗರ್ಜಿ ಮಾತ್ರ ಉಳಿದು ಉದ್ಯಾನದ ಮಗ್ಗುಲಲ್ಲಿ ಇವತ್ತಿಗೂ ನಿಂತಿದೆ. ದೇವರನ್ನು ಎತ್ತಂಗಡಿ ಮಾಡುವುದು ಅಷ್ಟು ಸುಲಭವಲ್ಲ. ಊರವರಿಗೆ ಹೊಸ ಮನೆಗಳು ಹಳೆಯವಕ್ಕಿಂತ ಚೆನ್ನಾಗಿಯೇ ಸಿಕ್ಕಿರಬಹುದು. ಆದರೂ ಈ ಮರಗಳ ಸೊಬಗು ಹೊಗಳುವಾಗ ನನಗೆ ಆ ಸರಿದ ಹಳ್ಳಿ ಹಲ್ಲಿನ ಸಂದಿಯ ನಾರಿನ ಹಾಗೆ ಕಾಡುತ್ತದೆ.

ಇಲ್ಲಿನ ಮಣ್ಣಿನದೂ ಒಂದು ಕತೆ. ವೆಸ್ಟನ್‌ಬರ್ಟ್ ಇರುವ ಕಾಟ್ಸ್‌ವೊಲ್ಡ್ ಎಂದರೆ ಸುಣ್ಣಕಲ್ಲಿನ ಸೀಮೆ. ಸುಣ್ಣ ಕಂಡರೆ ರೋಡೊಡೆಂಡ್ರನ್, ಕ್ಯಾಮೆಲಿಯಾಗಳ ಎಲೆ ಹಳದಿಗಟ್ಟುತ್ತದೆ. ವೆಸ್ಟನ್‌ಬರ್ಟ್‌ನ ಕೆಲವೆಡೆ ಆ ಕಲ್ಲಿನ ಮೇಲೆ ಹುಳಿ ಮರಳುಮಣ್ಣಿನ ಪದರ ಕೂತಿದೆ. ಹೀಗಾಗಿ ಒಂದೇ ಆವರಣದಲ್ಲಿ ಸುಣ್ಣ ಬೇಡುವ ಗಿಡವೂ ಸುಣ್ಣ ಒಲ್ಲದ ಗಿಡವೂ ನೆಮ್ಮದಿಯಾಗಿವೆ. ಹಣದಿಂದ ಕೊಳ್ಳಲಾಗದ ಅದೃಷ್ಟ ಅದು.

ನಮ್ಮ ಕಡೆಯಿಂದ ಹೋದವೂ ಇವೆ. ಕಾಳಿದಾಸನ ರಘುವಂಶದಲ್ಲಿ ಶಿವ ಮಗನೆಂದು ಸಾಕಿದ, ಸಿಂಹ ಕಾವಲಿದ್ದ ದೇವದಾರು ಇಂಗ್ಲೆಂಡಿಗೆ ಕಾಲಿಟ್ಟದ್ದು 1831ರಲ್ಲಿ. ಕೆಲವೇ ವರ್ಷಗಳಲ್ಲಿ ಅದಿಲ್ಲದ ಜಮೀನ್ದಾರಿ ಅಂಗಳವೇ ಇಲ್ಲವೆನ್ನುವಂತಾಯಿತು. ಇನ್ನೊಂದು ಹಿಮಾಲಯದ ಬರ್ಚ್, ತೊಗಟೆ ಕಾಗದದ ಹಾಗೆ ಪದರ ಪದರ ಬಿಡುವ ಮರ. ಅದು ನಮ್ಮ ಭೂರ್ಜ. ಕಾಶ್ಮೀರದ ಪಂಡಿತರು ಶಾಸ್ತ್ರ ಬರೆದದ್ದು ಇದರ ತೊಗಟೆಯ ಮೇಲೆ, ತಾಯಿತದೊಳಗಿನ ಭೂರ್ಜಪತ್ರವೂ ಇದೇ. ಇಂಗ್ಲಿಷಿನ ‘ಬರ್ಚ್’ ಮತ್ತು ಸಂಸ್ಕೃತದ ‘ಭೂರ್ಜ’ ಒಂದೇ ಬೇರಿನ ಪದಗಳು ಎನ್ನುತ್ತದೆ ಭಾಷಾಶಾಸ್ತ್ರ. ಮರ ಹಡಗು ಹತ್ತುವುದಕ್ಕೆ ಸಾವಿರಾರು ವರ್ಷ ಮೊದಲೇ ಅದರ ಹೆಸರು ಎರಡೂ ಕಡೆ ನಡೆದು ಹೋಗಿತ್ತು.

ರಾಬರ್ಟ್ 1892ರಲ್ಲಿ ತೀರಿಕೊಂಡ. ಮಗ ಜಾರ್ಜ್ ಲಿಂಡ್ಸೆ ಹೋಲ್ಫರ್ಡ್ ಅದಾಗಲೇ ಅಪ್ಪನ ಜೊತೆ ಮರಗಳಲ್ಲಿ ಮುಳುಗಿದ್ದ. ಸೇನೆಯಲ್ಲಿದ್ದ ಈತ ಅರಮನೆಯಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್‌ನ ಪರಿವಾರಾಧಿಕಾರಿ. ಆ ರಾಜಕುಮಾರನ ಹೆಸರು ಬೆಂಗಳೂರಿಗರಿಗೆ ಗೊತ್ತಿರಬೇಕು: 1889ರ ನವೆಂಬರ್ 30ರಂದು ಲಾಲ್‌ಬಾಗಿನ ಗಾಜಿನಮನೆಗೆ ಅಡಿಗಲ್ಲು ಇಟ್ಟವನು ಅವನೇ. ಜಾನ್ ಕ್ಯಾಮೆರಾನ್ ಉಸ್ತುವಾರಿಯಲ್ಲಿ, ಗ್ಲಾಸ್ಗೋದಲ್ಲಿ ಎರಕಹೊಯ್ದ ಕಬ್ಬಿಣದಿಂದ ಎದ್ದ ಆ ಮನೆಯಲ್ಲಿ ಇವತ್ತಿಗೂ ಜನವರಿ, ಆಗಸ್ಟ್ ಬಂದರೆ ಹೂವಿನ ಜಾತ್ರೆ. ಹೈದರಾಲಿ 1760ರಲ್ಲಿ ತನ್ನ ಖಾಸಗಿ ಬಾಗೆಂದು ಶುರುಮಾಡಿದ ಲಾಲ್‌ಬಾಗ್ ಆ ಹೊತ್ತಿಗೆ ಸರ್ಕಾರದ್ದಾಗಿ, ಜನರದ್ದಾಗಿತ್ತು. ವೆಸ್ಟನ್‌ಬರ್ಟ್‌ಗೆ ಆ ದಿನ ಬರಲು ಇನ್ನೂ ಆರೇಳು ದಶಕ ಬೇಕಿತ್ತು.

ಜಾರ್ಜ್‌ನ ನಿಜವಾದ ಮೋಹ ಎರಡು: ಆರ್ಕಿಡ್ ಮತ್ತು ಬಣ್ಣ. ಆರ್ಕಿಡ್‌ಗಳಿಗೆ ಗಾಜಿನಮನೆಗಳ ಸಾಲು, ಅವನ್ನು ನೋಡಿಕೊಳ್ಳಲು ಎಚ್. ಜಿ. ಅಲೆಗ್ಸಾಂಡರ್ ಎಂಬ ಕೈಗುಣದ ಮಾಲಿ. ಅಲ್ಲಿ ಹುಟ್ಟಿದ ‘ಅಲೆಗ್ಸಾಂಡರಿ ವೆಸ್ಟನ್‌ಬರ್ಟ್’ ಎಂಬ ಸಿಂಬಿಡಿಯಂನ ರಕ್ತ ಇವತ್ತು ಹೂವಿನಂಗಡಿಗಳಲ್ಲಿ ಸಿಗುವ ಲೆಕ್ಕವಿಲ್ಲದಷ್ಟು ಸಿಂಬಿಡಿಯಂ ಮಿಶ್ರತಳಿಗಳಲ್ಲಿದೆ. ಮದುವೆ ಮಂಟಪದ ಅಲಂಕಾರದಲ್ಲಿ ಅದರ ಮೊಮ್ಮಗಳು ಯಾರಾದರೂ ನಿಮ್ಮ ಕಣ್ಣಿಗೆ ಬಿದ್ದಿರಲೂಬಹುದು.

ಬಣ್ಣ ಎಂದರೆ ಜಪಾನಿನ ಮೇಪಲ್. ಏಸರ್ ಪಾಮೇಟಂ ಎಂಬುದು ಶಾಸ್ತ್ರದ ಹೆಸರು, ಅಂಗೈಯ ಹಾಗೆ ಬೆರಳು ಬಿಚ್ಚಿದ ಎಲೆ. ಜಪಾನಿನವರು ಎದೋ ಕಾಲದಲ್ಲೇ ಇದರ ನೂರಾರು ತಳಿಗಳನ್ನು ಆರಿಸಿ, ಕಸಿಮಾಡಿ, ಹೆಸರಿಟ್ಟು ಬೆಳೆಸಿದ್ದರು. ಬ್ರಿಟನ್ನಿಗೆ ಅದು ಬಂದದ್ದು 1820ರಲ್ಲಿ. ವೆಸ್ಟನ್‌ಬರ್ಟ್‌ನ ‘ಏಸರ್ ಗ್ಲೇಡ್’ ಎಂಬ ಬಯಲಿನಲ್ಲಿ ಅಪ್ಪ ಮಗ ಕೂಡಿ 1870ರ ದಶಕದಿಂದ ಇದನ್ನು ನೆಡುತ್ತಾ ಹೋದರು. ಬೀಜದಿಂದ ಹುಟ್ಟಿದ ಮೇಪಲ್ ಒಂದರಂತೆ ಇನ್ನೊಂದಿಲ್ಲ. ಒಂದು ಕುಂಕುಮವಾದರೆ ಪಕ್ಕದ್ದು ಅರಿಸಿನ, ಅದರಾಚೆಯದು ಹಣ್ಣಾದ ಅಡಿಕೆಯ ಕಿತ್ತಳೆ. ಅಕ್ಟೋಬರಿನ ಮೂರ್ನಾಲ್ಕು ವಾರ ಅಲ್ಲಿ ಹೆಜ್ಜೆ ಇಡಲು ಜಾಗವಿಲ್ಲದಷ್ಟು ಜನ.

ಎಲೆ ಉದುರುವ ಹೊತ್ತಿಗೆ ಇಷ್ಟು ಸಡಗರ ಯಾಕೆ? ಹಗಲು ಕುಗ್ಗಿದಾಗ ಮರ ಎಲೆಯ ತೊಟ್ಟಿನ ಬುಡದಲ್ಲಿ ಒಂದು ತಡೆಪದರ ಕಟ್ಟುತ್ತದೆ. ಪತ್ರಹರಿತ್ತು ಒಡೆದು, ಅದರ ಸಾರಜನಕ ಕೊಂಬೆಗೆ ಹಿಂದಿರುಗುತ್ತದೆ. ಮದುವೆ ಮನೆ ಬಿಡುವ ಮುನ್ನ ಪಾತ್ರೆ ಪಡಗ ಎಣಿಸಿ ಒಳಗಿಟ್ಟ ಹಾಗೆ. ಹಸುರು ಸರಿದಾಗ ಅದರ ಹಿಂದೆ ಬೇಸಿಗೆಯಿಡೀ ಅಡಗಿದ್ದ ಹಳದಿ ಹೊರಬರುತ್ತದೆ. ಕೆಂಪಿನ ಕತೆ ಬೇರೆ: ಆಂಥೋಸಯನಿನ್ ಎಂಬ ಆ ಬಣ್ಣವನ್ನು ಮರ ಆ ದಿನಗಳಲ್ಲೇ ಹೊಸದಾಗಿ ತಯಾರಿಸುತ್ತದೆ, ಎಲೆಯಲ್ಲಿ ಉಳಿದ ಸಕ್ಕರೆಯಿಂದ. ಹಗಲು ಬಿಸಿಲು, ರಾತ್ರಿ ಹಿಮ ಕಟ್ಟದಷ್ಟು ಚಳಿ ಇದ್ದರೆ ಕೆಂಪು ಗಾಢ. ಮೋಡ ಕವಿದ ವರ್ಷ ಸಪ್ಪೆ. ಸಾಯುವ ಎಲೆಗೆ ಇಷ್ಟು ಖರ್ಚು ಮಾಡುವುದು ಮರದಂಥ ಜಿಪುಣನಿಗೆ ಒಗ್ಗದ ಮಾತು. ಬಿಸಿಲಿನಿಂದ ಎಲೆಯನ್ನು ಕಾಯಲಿಕ್ಕೋ, ಕೀಟವನ್ನು ಹೆದರಿಸಲಿಕ್ಕೋ ಎಂದು ವಿಜ್ಞಾನಿಗಳು ಇವತ್ತಿಗೂ ವಾದಿಸುತ್ತಿದ್ದಾರೆ.

ಕಣ್ಣಿನ ಹಬ್ಬದ ನಡುವೆ ಮೂಗಿಗೂ ಒಂದು ಪಾಲು ಇದೆ. ಕತ್ಸುರ ಎಂಬ ಜಪಾನಿ ಮರದ ಎಲೆ ಒಣಗುವಾಗ ಸುಟ್ಟ ಸಕ್ಕರೆಯ ಪರಿಮಳ ಬರುತ್ತದೆ. ಮಾಲ್ಟಾಲ್ ಎಂಬ ರಾಸಾಯನಿಕದ ಕೆಲಸ. ಇಂಗ್ಲಿಷಿನವರು ಅದನ್ನು ಕ್ಯಾರಮೆಲ್ ಅನ್ನುತ್ತಾರೆ, ಜಾತ್ರೆಯ ಬೊಂಬಾಯಿ ಮಿಠಾಯಿಗೆ ಹೋಲಿಸುತ್ತಾರೆ. ಆಲೆಮನೆಯ ಕೊಪ್ಪರಿಗೆಯ ಪಕ್ಕ ಒಮ್ಮೆ ನಿಂತವರಿಗೆ ಇಷ್ಟೆಲ್ಲ ಹೋಲಿಕೆ ಬೇಕಿಲ್ಲ. ಬೆಲ್ಲ ಪಾಕಕ್ಕೆ ಬಂದಿದೆ, ಇಳಿಸಬೇಕು ಅಷ್ಟೆ.

ವಸಂತದಲ್ಲಿ ಜನ ಹುಡುಕಿಕೊಂಡು ಹೋಗುವ ಇನ್ನೊಂದು ಮರ ಡೇವಿಡಿಯಾ, ಆಡುಮಾತಿನಲ್ಲಿ ಕರವಸ್ತ್ರದ ಮರ. ಹೂಗೊಂಚಲಿನ ಸುತ್ತ ಎರಡು ಬಿಳಿಯ ಉಪದಳಗಳು ಒಗೆದು ಹರವಿದ ಕರ್ಚೀಫಿನ ಹಾಗೆ ಜೋತಾಡುತ್ತವೆ. ಪಾದ್ರಿ ಅರ್ಮಾಂ ದಾವೀದ್ 1869ರಲ್ಲಿ ಚೀನಾದಲ್ಲಿ ಇದನ್ನು ಕಂಡು ಬರೆದ. ಆಮೇಲೆ ಆಗಸ್ಟಿನ್ ಹೆನ್ರಿ ಎಂಬ ಐರಿಷ್ ವೈದ್ಯನಿಗೆ ಒಂದೇ ಒಂದು ಮರ ಕಣ್ಣಿಗೆ ಬಿತ್ತು. ವೀಚ್ ನರ್ಸರಿಯವರು ಅರ್ನೆಸ್ಟ್ ವಿಲ್ಸನ್ ಎಂಬ ತರುಣನನ್ನು ಅದೊಂದರ ಬೀಜಕ್ಕಾಗಿ ಕಳಿಸಿದರು. ಹೆನ್ರಿ ಗುರುತುಹಾಕಿ ಕೊಟ್ಟ ಕೈನಕ್ಷೆ ಹಿಡಿದು ಬೆಟ್ಟಗುಡ್ಡ ಹತ್ತಿ ವಿಲ್ಸನ್ 1900ರಲ್ಲಿ ಜಾಗ ಮುಟ್ಟಿದಾಗ ಅಲ್ಲಿ ಹೊಚ್ಚಹೊಸ ಮನೆ ಇತ್ತು, ಪಕ್ಕದಲ್ಲಿ ಡೇವಿಡಿಯಾದ ಮೋಟು. ಮರ ತೊಲೆ ಹಲಗೆಯಾಗಿ ಹೋಗಿತ್ತು. ಮನೆ ಕಟ್ಟಿದವನ ಮೇಲೆ ಸಿಟ್ಟು ಮಾಡಲು ನನಗಂತೂ ಮನಸ್ಸಾಗದು. ಅವನ ಪಾಲಿಗೆ ಅದು ಹಿತ್ತಲ ಮರ. ಮುಂದೆ ವಿಲ್ಸನ್‌ಗೆ ಬೇರೆ ಮರಗಳು ಸಿಕ್ಕವು, ಬೀಜ ಇಂಗ್ಲೆಂಡಿಗೆ ಬಂತು. ಚಿಂದಿ ಕಾಗದದಂತೆ ತೊಗಟೆ ಬಿಡುವ ಏಸರ್ ಗ್ರೀಸಿಯಂ ಕೂಡ ಅವನದೇ ಬುತ್ತಿ.

1926ರಲ್ಲಿ ಜಾರ್ಜ್ ಹೋಲ್ಫರ್ಡ್ ಮಕ್ಕಳಿಲ್ಲದೆ ತೀರಿಕೊಂಡ. ಇಲ್ಲಿಂದ ಮುಂದೆ ಎರಡು ಮೂರು ವರ್ಷ ಹೋಲ್ಫರ್ಡರ ಸಂಗ್ರಹಗಳು ಕರಗಿದ ಬಗೆ ನೋಡಬೇಕು. ಗ್ರಂಥಗಳು ಹರಾಜಾದವು. 1927 ಮತ್ತು 1928ರಲ್ಲಿ ಕ್ರಿಸ್ಟೀಸ್‌ನಲ್ಲಿ ಚಿತ್ರಗಳು ಬಿಕರಿಯಾದವು. ಅವುಗಳಲ್ಲಿ ರೆಂಬ್ರಾಂಟ್ ಬರೆದ ಮಾರ್ಟನ್ ಲೂಟನ್ ಎಂಬ ವರ್ತಕನ ಭಾವಚಿತ್ರ ಈಗ ಲಾಸ್ ಏಂಜಲೀಸ್‌ನ ಗೋಡೆಯಲ್ಲಿದೆ. ವೆಸ್ಟನ್‌ಬರ್ಟ್ ಭವನ 1928ರಲ್ಲಿ ಹೆಣ್ಣುಮಕ್ಕಳ ಶಾಲೆಯಾಯಿತು. ಡಾರ್ಚೆಸ್ಟರ್ ಹೌಸ್ 1929ರಲ್ಲಿ ನೆಲಸಮವಾಗಿ, ಆ ಜಾಗದಲ್ಲಿ 1931ಕ್ಕೆ ಡಾರ್ಚೆಸ್ಟರ್ ಹೋಟೆಲ್ ಎದ್ದಿತು. ಕೆಡವಿದ ಅರಮನೆಯ ಊಟದ ಕೋಣೆಗೆಂದು ಶಿಲ್ಪಿ ಆಲ್ಫ್ರೆಡ್ ಸ್ಟೀವನ್ಸ್ ಕೆತ್ತಿದ ಅಮೃತಶಿಲೆಯ ಅಗ್ಗಿಷ್ಟಿಕೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಿತು. ನ್ಯೂ ರಿವರ್ ಕಂಪನಿಯೇ 1904ರಲ್ಲಿ ಸರ್ಕಾರಿ ಜಲಮಂಡಳಿಯೊಳಗೆ ಲೀನವಾಗಿತ್ತು. ಸುತ್ತಿಗೆ ಬಡಿದು ‘ಒಂದು ಸಲ, ಎರಡು ಸಲ’ ಎಂದು ಕೂಗಲಾಗದೆ ಉಳಿದದ್ದು ಮರಗಳು ಮಾತ್ರ. ನೂರು ವರ್ಷದ ಸೀಡರನ್ನು ಕಿತ್ತು ಗೋಣಿಯಲ್ಲಿ ಕಟ್ಟಿ ಕೊಂಡುಹೋಗುವ ಗಿರಾಕಿ ಯಾರು? ಸಂಗ್ರಾಹಕನ ಎಲ್ಲ ಸೊತ್ತಿನಲ್ಲಿ ಮಾರುಕಟ್ಟೆಗೆ ಒಗ್ಗದ ಸೊತ್ತೊಂದೇ ಒಟ್ಟಾಗಿ ಉಳಿಯಿತು. ದಿಮ್ಮಿಯ ಲೆಕ್ಕದಲ್ಲಿ ಮಾರಬಹುದಿತ್ತು, ನಿಜ. ಪುಣ್ಯಕ್ಕೆ ಯಾರೂ ಆ ಲೆಕ್ಕ ಹಾಕಲಿಲ್ಲ.

ಮರಗಳು ಸೋದರಳಿಯನಾದ ನಾಲ್ಕನೇ ಅರ್ಲ್ ಆಫ್ ಮಾರ್ಲೆಯ ಪಾಲಿಗೆ ಬಂದವು. ಆತ 1927ರಲ್ಲಿ ಡಬ್ಲ್ಯು. ಜೆ. ಮಿಚೆಲ್ ಎಂಬಾತನನ್ನು ಮೇಲ್ವಿಚಾರಕನಾಗಿ ನೇಮಿಸಿದ. ಎರಡನೇ ಮಹಾಯುದ್ಧದಲ್ಲಿ ಆಳುಗಳೆಲ್ಲ ಹೊರಟುಹೋಗಿ ಮುಳ್ಳುಕಂಟಿ ದಾರಿಗಳನ್ನು ನುಂಗಿತು. ಅರ್ಲ್ 1951ರಲ್ಲಿ ತೀರಿಕೊಂಡ. ಪಟ್ಟಕ್ಕೆ ಬಂದವನು ತಮ್ಮ ಮಾಂಟಗ್ಯು ಪಾರ್ಕರ್. ಇವನೊಬ್ಬ ವಿಚಿತ್ರ ಆಸಾಮಿ. ಬೈಬಲಿನ ಒಡಂಬಡಿಕೆಯ ಪೆಟ್ಟಿಗೆಯನ್ನು ಹುಡುಕುತ್ತೇನೆಂದು 1909ರಲ್ಲಿ ಜೆರುಸಲೇಮಿಗೆ ಹೊರಟು, ಫಿನ್ಲೆಂಡಿನ ಗೂಢಲಿಪಿ ಪಂಡಿತನೊಬ್ಬನ ಮಾತು ನಂಬಿ ಸುರಂಗ ತೋಡಿಸಿದವನು. 1911ರಲ್ಲಿ ರಾತ್ರಿಹೊತ್ತು ಕಳ್ಳತನದಿಂದ, ಮುಸ್ಲಿಮರಿಗೆ ಪವಿತ್ರವಾದ ಡೋಮ್ ಆಫ್ ದಿ ರಾಕ್‌ನೊಳಗೇ ಅಗೆಸಲು ಹೋಗಿ, ಊರೇ ರೊಚ್ಚಿಗೆದ್ದು, ಹಡಗು ಹತ್ತಿ ಪರಾರಿಯಾದ. ಅಂಥವನ ಕಾಲದಲ್ಲಿ, ಮರಣ ತೆರಿಗೆಯ ಬಾಬ್ತಿಗೆ, 1956ರಲ್ಲಿ ವೆಸ್ಟನ್‌ಬರ್ಟ್ ಸರ್ಕಾರದ ಕೈಸೇರಿತು. ಅವನು ನೆಲದಡಿಯಲ್ಲಿ ಹುಡುಕಿದ್ದು ಸಿಗಲಿಲ್ಲ. ನೆಲದ ಮೇಲೆ ಇದ್ದದ್ದು ಉಳಿಯಿತು.

ವಹಿಸಿಕೊಂಡದ್ದು ಫಾರೆಸ್ಟ್ರಿ ಕಮಿಷನ್. ಮೊದಲ ಮಹಾಯುದ್ಧದಲ್ಲಿ ನಾಟಾಕ್ಕೆ ಬರಗಾಲ ಬಂದದ್ದರಿಂದ 1919ರಲ್ಲಿ ಹುಟ್ಟಿದ, ಸಾಲುಸಾಲು ಕೋನಿಫರ್ ನೆಟ್ಟು ಕಡಿಯುವ ಇಲಾಖೆ. ಘನ ಅಡಿಯಲ್ಲಿ ಮರ ಎಣಿಸುವವರ ಮಡಿಲಿಗೆ ಬಣ್ಣಕ್ಕಾಗಿ ಮಾತ್ರ ನೆಟ್ಟ ಮರಗಳು ಬಂದು ಬಿದ್ದವು. ವಿಚಿತ್ರವೆಂದರೆ ಅವರು ಚೆನ್ನಾಗಿಯೇ ನೋಡಿಕೊಂಡರು. ಕಂಟಿ ಸವರಿದರು, ಚೀಟಿ ಹಚ್ಚಿದರು, ಬಾಗಿಲು ತೆರೆದರು. ಒಬ್ಬ ಕುದುರೆಸವಾರನ ನೋಟಕ್ಕೆಂದು ಬಿಡಿಸಿದ ಚಿತ್ರದೊಳಗೆ ಈಗ ವರ್ಷಕ್ಕೆ ಲಕ್ಷಗಟ್ಟಲೆ ಜನ, ತಳ್ಳುಗಾಡಿಯ ಮಕ್ಕಳು, ನಾಯಿಗಳು. 2016ರಲ್ಲಿ ನೆಲದಿಂದ 13 ಮೀಟರಿಗೂ ಎತ್ತರಕ್ಕೆ ಏರುವ 300 ಮೀಟರ್ ಉದ್ದದ ಮರದ ಸೇತುವೆ ಕಟ್ಟಿ, ನೆತ್ತಿಯ ಮಟ್ಟದಲ್ಲಿ ನಡೆಯಲೂ ಏರ್ಪಾಟಾಗಿದೆ.

ಸರ್ಕಾರ ಕಾಯುತ್ತದೆ ಎಂದ ಮಾತ್ರಕ್ಕೆ ಮರ ಸಾಯದೆ ಇರುವುದಿಲ್ಲ. 1970ರ ದಶಕದಲ್ಲಿ ಜೀರುಂಡೆಯ ಬೆನ್ನೇರಿ ಬಂದ ಶಿಲೀಂಧ್ರ ರೋಗಕ್ಕೆ ಬ್ರಿಟನ್ನಿನಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಎಲ್ಮ್ ಮರಗಳು ಸತ್ತವು. ವೆಸ್ಟನ್‌ಬರ್ಟ್‌ನವೂ ಉಳಿಯಲಿಲ್ಲ. ಲಂಡನ್ನಿಗೆ ನೀರು ಹರಿಸಿ, ಹೋಲ್ಫರ್ಡರಿಗೆ ಹಣ ಹರಿಸಿದ ಮರ, ಅದೇ ಹಣದ ತೋಟದಲ್ಲಿ ಇಲ್ಲವಾಯಿತು. 2012ರಲ್ಲಿ ಬ್ರಿಟನ್ನಿನಲ್ಲಿ ಕಾಣಿಸಿಕೊಂಡ ಇನ್ನೊಂದು ಶಿಲೀಂಧ್ರ ಈಗ ಆ್ಯಶ್ ಮರಗಳನ್ನು ತಿನ್ನುತ್ತಿದೆ. ದೂರದೂರದಿಂದ ಗಿಡ ತರುವ ಚಟಕ್ಕೂ ಇಂಥ ರೋಗಗಳ ಓಡಾಟಕ್ಕೂ ನಂಟಿದೆ ಎನ್ನುವುದನ್ನು ಸಂಗ್ರಹದ ವೈಭವ ವರ್ಣಿಸುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಇತ್ತ ತೂಗುವ ಮಾತೂ ಒಂದಿದೆ. ಜಗತ್ತಿನ ಸುಮಾರು 60,000 ಮರಜಾತಿಗಳಲ್ಲಿ 17,500ರಷ್ಟು ಅಳಿವಿನ ಅಂಚಿಗೆ ಸರಿದಿವೆ ಎಂದು ಸಸ್ಯೋದ್ಯಾನಗಳ ಅಂತರರಾಷ್ಟ್ರೀಯ ಒಕ್ಕೂಟ 2021ರಲ್ಲಿ ಲೆಕ್ಕ ಕೊಟ್ಟಿತು. ಹುಟ್ಟೂರಿನಲ್ಲಿ ಕೊಡಲಿಗೆ ಸಿಕ್ಕ ಮರದ ಬೀಜ ಎಲ್ಲೋ ಗ್ಲಾಸ್ಟರ್‌ಷೈರ್‌ನಲ್ಲಿ ಉಳಿದಿದ್ದರೆ ಅದೂ ಒಂದು ಠೇವಣಿಯೇ. ಬಣ್ಣದ ಚಪಲಕ್ಕೆ ನೆಟ್ಟದ್ದು ಹೀಗೆ ಬೀಜದ ಕಣಜವಾಗಿದೆ.

ಇಷ್ಟೆಲ್ಲ ಸುತ್ತಿ, ಜನ ಕಡಿಮೆ ಇರುವ ಸಿಲ್ಕ್ ವುಡ್ ಎಂಬ ಕಾಡಿನ ಭಾಗಕ್ಕೆ ಬರಬೇಕು. ಇದು ಹೋಲ್ಫರ್ಡರಿಗಿಂತ ಎಷ್ಟೋ ಹಳೆಯದು. ಅಲ್ಲಿ ಒಂದು ಲೈಮ್ ಮರವಿದೆ. ನಿಂಬೆಯಲ್ಲ, ಯುರೋಪಿನವರು ಲಿಂಡೆನ್ ಎಂದೂ ಕರೆಯುವ ಟೀಲಿಯಾ, ಹೃದಯದಾಕಾರದ ಸಣ್ಣ ಎಲೆಯದು. ಈಗಿನ ವರ್ಗೀಕರಣದಲ್ಲಿ ದಾಸವಾಳ, ಹತ್ತಿ, ಬೂರುಗದ ಬಳಗ. ನಮ್ಮ ಪಶ್ಚಿಮ ಘಟ್ಟದ ತಡಸಲು ಮರಕ್ಕೆ ಸಸ್ಯಶಾಸ್ತ್ರಜ್ಞರು ಗ್ರೇವಿಯಾ ಟೀಲಿಫೋಲಿಯಾ, ಅಂದರೆ ಟೀಲಿಯಾದಂಥ ಎಲೆಯದು, ಎಂದೇ ಹೆಸರಿಟ್ಟಿದ್ದಾರೆ. ತಡಸಲಿನ ನಾರಿನಲ್ಲಿ ನಮ್ಮವರು ಹಗ್ಗ ಹೊಸೆದರು, ಟೀಲಿಯಾದ ನಾರಿನಲ್ಲಿ ಅವರು.

ಆ ಮರವನ್ನು ನೋಡಿದರೆ ಒಂದು ಮರವೆಂದು ಅನ್ನಿಸುವುದೇ ಇಲ್ಲ. ಸುಮಾರು ಅರವತ್ತು ಕಾಂಡಗಳು ದೊಡ್ಡ ಬಳೆಯಂತೆ ಸುತ್ತುಗಟ್ಟಿ ನಿಂತಿವೆ, ನಡುವೆ ಖಾಲಿ. ಎಲ್ಲವೂ ಒಂದೇ ಮರದ ಬುಡದಿಂದ ಎದ್ದವು ಎಂದು ವಂಶವಾಹಿ ಪರೀಕ್ಷೆ ಹೇಳಿದೆ. ವಯಸ್ಸು ಎರಡು ಸಾವಿರ ವರ್ಷವೆಂದು ಅಂದಾಜು. ಕಬ್ಬು ಕಡಿದು ಕೂಳೆ ಬಿಟ್ಟವರಿಗೆ ಇದರ ಗುಟ್ಟು ವಿವರಿಸಬೇಕಿಲ್ಲ. ಬುಡಕ್ಕೆ ಕಡಿದಾಗ ಸುತ್ತಲಿಂದ ಚಿಗುರು ಏಳುತ್ತದೆ, ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ ಅದನ್ನು ಕಡಿದರೆ ಇನ್ನೊಂದು ಸುತ್ತು, ಬುಡ ಪ್ರತಿ ಸಲ ಸ್ವಲ್ಪ ಹೊರಕ್ಕೆ ಜರುಗುತ್ತದೆ. ಕಡಿಯದೆ ಬಿಟ್ಟಿದ್ದರೆ ಎತ್ತರಕ್ಕೆ ಬೆಳೆದು, ಪೊಟ್ಟಾಗಿ, ಯಾವುದೋ ಬಿರುಗಾಳಿಗೆ ಎಂದೋ ಉರುಳಿರುತ್ತಿತ್ತು. ಕೊಡಲಿಯೇ ಅದರ ಆಯಸ್ಸು. ಬೇಲಿಗೂಟ, ಸೌದೆ, ಹಗ್ಗ, ಇದ್ದಿಲು ಎಂದು ಕಡಿಯುತ್ತಾ ಬಂದ ಹಳ್ಳಿಗರ ತಲೆಮಾರುಗಳಲ್ಲಿ ಒಬ್ಬನ ಹೆಸರೂ ಯಾವ ಚೀಟಿಯಲ್ಲೂ ಇಲ್ಲ. ಮಲೆನಾಡಿನ ಸೊಪ್ಪಿನಬೆಟ್ಟದಲ್ಲಿ ಸೊಪ್ಪು ಕಡಿದವರ ಪಟ್ಟಿ ಇಲ್ಲದ ಹಾಗೆ. ಈ ಮರವನ್ನು ಯಾರೂ ಹಡಗಿನಲ್ಲಿ ತರಲಿಲ್ಲ, ಯಾರೂ ಆರಿಸಿ ನಿಲ್ಲಿಸಲಿಲ್ಲ, ಯಾವ ನೋಟಕ್ಕೂ ಅದು ಚೌಕಟ್ಟಲ್ಲ. ಹೋಲ್ಫರ್ಡ್ ಮೊದಲ ಗುಣಿ ತೋಡುವ ಹೊತ್ತಿಗೆ ಅದು ಹತ್ತಾರು ಸಲ ಕೂಳೆ ಮುಗಿಸಿತ್ತು.

2012ರ ಚಳಿಗಾಲದಲ್ಲಿ ಅದನ್ನು ಮತ್ತೆ ಕಡಿದರು, ನೆಲಮಟ್ಟಕ್ಕೆ. ಎರಡು ಸಾವಿರ ವರ್ಷದ ಮರವನ್ನು ಉರುಳಿಸಿದರಂತೆ ಎಂದು ಬೆಚ್ಚುವವರಿಗೆ ಮೊದಲೇ ತಿಳಿಹೇಳಬೇಕಾಯಿತು. ಎಳೆಚಿಗುರು ಜಿಂಕೆಗೆ ಬಲು ರುಚಿ, ಅದಕ್ಕೆ ಬೇಲಿ ಬೇಕು. ಬೇಸಿಗೆ ಬಂತು, ಮೋಟುಗಳ ಸುತ್ತ ಕೆಂಪು ಮೊಗ್ಗು ಒಡೆದು ಚಿಗುರು ಎದ್ದಿತು. ಈಗ ಅವು ಆಳೆತ್ತರವನ್ನೂ ಮೀರಿ ಬೆಳೆದಿವೆ. ಹಳೆಯ ಲೆಕ್ಕದ ಪ್ರಕಾರ ಮುಂದಿನ ಕಡಿತದ ಸರದಿ 2030ರ ದಶಕದಲ್ಲಿ.